ಎದೆಹಾಲು ತೆಗೆಯುವ ಕೊಠಡಿ

ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದ ತಾಯಂದಿರು ಮಗುವಿಗಾಗಿ ಹಾಲನ್ನು ಕೈಯಿಂದಲೋ ಪಂಪಿನಿಂದಲೋ ತೆಗೆದಿಡಲು ಕಚೇರಿ, ಕಾರ್ಖಾನೆ, ಶಾಲೆ, ಆಸ್ಪತ್ರೆ ಮುಂತಾದ ಕಡೆ ಮೀಸಲಿಟ್ಟ ಖಾಸಗಿ ಸ್ಥಳ. ಒಳಗಿನಿಂದ ಚಿಲಕ ಹಾಕಬಹುದಾದ ಬಾಗಿಲು, ಕುರ್ಚಿ, ಮೇಜು, ಪ್ಲಗ್ ಪಾಯಿಂಟ್, ಹತ್ತಿರದಲ್ಲೇ ಕೈತೊಳೆಯಲು ನೀರು ಮತ್ತು ಫ್ರಿಜ್ ಇದರ ಸಾಮಾನ್ಯ ಸೌಕರ್ಯಗಳು. ಕೆಲಸದ ನಡುವೆ ಹಾಲೂಡಿಸಲು ಬಿಡುವು ಕೊಡಬೇಕೆಂಬ ಕಾನೂನುಗಳು ಇಪ್ಪತ್ತನೆಯ ಶತಮಾನದ ಆರಂಭಕ್ಕೇ ಬಂದವು. ಮಗು ಜೊತೆಯಲ್ಲಿಲ್ಲದ ತಾಯಿಗೆ ಹಾಲು ತೆಗೆಯಲು ಜಾಗವನ್ನೂ ಕೊಡಬೇಕೆಂಬ ಕಾನೂನುಗಳು ಬಂದದ್ದು ಆ ಶತಮಾನದ ಕೊನೆಯ ಹೊತ್ತಿಗೆ.

ಅಗತ್ಯ

ಎದೆಯಿಂದ ಹಾಲು ಹೊರಬಂದಷ್ಟೂ ಹೊಸ ಹಾಲು ಉತ್ಪತ್ತಿಯಾಗುತ್ತದೆ. ಹಲವು ಗಂಟೆ ಹಾಲು ತೆಗೆಯದಿದ್ದರೆ ಎದೆ ಬಿಗಿದು ನೋಯುತ್ತದೆ, ಬಾವು ಬರಬಹುದು, ದಿನ ಕಳೆದಂತೆ ಹಾಲೂ ಕಡಿಮೆಯಾಗುತ್ತದೆ. ಹಾಲು ಇಳಿದುಬರಲು ಆಕ್ಸಿಟೋಸಿನ್ ಹಾರ್ಮೋನು ಸ್ರವಿಸಬೇಕು. ಆತಂಕ, ಮುಜುಗರಗಳು ಅದಕ್ಕೆ ಅಡ್ಡಿಯಾಗುತ್ತವೆ. ಯಾರಾದರೂ ಬಾಗಿಲು ತಳ್ಳಿ ಬಂದಾರೆಂಬ ಭಯವಿದ್ದಲ್ಲಿ ಹಾಲು ಸಲೀಸಾಗಿ ಬರುವುದಿಲ್ಲ. ಮಗುವಿನ ಆಹಾರವನ್ನು ಶೌಚಾಲಯದಲ್ಲಿ ಶೇಖರಿಸುವುದು ಶುಚಿಯ ದೃಷ್ಟಿಯಿಂದಲೂ ಸಲ್ಲದು. ತಾಜಾ ಹಾಲು 25 ಡಿಗ್ರಿ ಸೆಲ್ಸಿಯಸ್ ಮೀರದ ಉಷ್ಣತೆಯಲ್ಲಿ ಸುಮಾರು 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಕೆಡದೆ ಉಳಿಯುತ್ತದೆ. ಹೀಗಾಗಿ ಇಡೀ ಪಾಳಿ ಮುಗಿಸಿ ಮನೆ ಸೇರುವವಳಿಗೆ ಕೊಠಡಿಯಷ್ಟೇ ಫ್ರಿಜ್ ಕೂಡ ಮುಖ್ಯ.

ಮಗುವೇ ಕೆಲಸದೆಡೆಗೆ ಬರುತ್ತಿದ್ದ ಕಾಲ

ಹಾಲೂಡಿಸುವ ತಾಯಂದಿರಿಗಾಗಿ ಬಂದ ಮೊದಮೊದಲ ಕಾನೂನುಗಳು ಹಾಲೂಡಿಸುವ ಕೊಠಡಿಯ ಬಗ್ಗೆ ಮಾತಾಡಿದವು. ಕನಿಷ್ಠ 50 ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಇಂಥ ಕೊಠಡಿ ಇರಬೇಕೆಂದು ಇಟಲಿ 1902ರಲ್ಲಿ ವಿಧಿಸಿತು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಮದ್ದುಗುಂಡಿನ ಕಾರ್ಖಾನೆಗಳಿಗೆ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಸೇರಿದರು. ಅಲ್ಲಿನ 1917ರ ಆಗಸ್ಟ್ ತಿಂಗಳ ಕಾನೂನು, ಹೆರಿಗೆಯಾದ ಮೇಲೆ ಒಂದು ವರ್ಷ ಕಾಲ ದಿನಕ್ಕೆ ಒಂದು ಗಂಟೆಯ ಬಿಡುವು ಕೊಟ್ಟಿತು. 100ಕ್ಕಿಂತ ಹೆಚ್ಚು ಹೆಂಗಸರಿರುವ ಸಂಸ್ಥೆಗಳು ಕೊಠಡಿ ಒದಗಿಸುವಂತೆ ಆದೇಶಿಸಲು ಅವಕಾಶ ಮಾಡಿತು. 1919ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊದಲ ಅಧಿವೇಶನ, ಕೆಲಸದ ವೇಳೆಯಲ್ಲಿ ದಿನಕ್ಕೆ ಎರಡು ಬಾರಿ ಅರ್ಧ ಗಂಟೆಯ ಬಿಡುವನ್ನು ತಾಯಿಯ ಹಕ್ಕಾಗಿ ಒಪ್ಪಿತು. ಈ ಬಿಡುವಿಗೂ ವೇತನ ಸಲ್ಲಬೇಕೆಂಬ ಮಾತು 1952ರ ಒಡಂಬಡಿಕೆಯಲ್ಲಿ ಸೇರಿತು. ಸಾಧ್ಯವಿದ್ದಲ್ಲಿ ಶುಚಿಯಾದ ಸ್ಥಳ ಒದಗಿಸಬೇಕೆಂದು 2000ದ ಶಿಫಾರಸು ಹೇಳಿತು.

ಕಾರ್ಮಿಕರ ಮನೆಗಳು ಕಾರ್ಖಾನೆಯ ಆಸುಪಾಸಿನಲ್ಲೇ ಇದ್ದಲ್ಲಿ ಅಜ್ಜಿಯೋ ಅಕ್ಕನೋ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬರಲು ಸಾಧ್ಯವಿತ್ತು. ಮನೆಗೂ ಕೆಲಸಕ್ಕೂ ದೂರ ಬೆಳೆದಂತೆ ಅರ್ಧ ಗಂಟೆಯ ಬಿಡುವು ಕಾಗದದ ಹಕ್ಕಾಗಿ ಉಳಿಯಿತು.

ಪಂಪು

ಅಮೆರಿಕದ ಓರ್ವೆಲ್ ನೀಡಮ್ ಎಂಬಾತ 1854ರಲ್ಲಿ ಬ್ರೆಸ್ಟ್ ಪಂಪಿಗೆ ಪೇಟೆಂಟ್ ಪಡೆದ. ಚದುರಂಗದ ಪ್ರಸಿದ್ಧ ಆಟಗಾರನೂ ಎಂಜಿನಿಯರನೂ ಆಗಿದ್ದ ಎಡ್ವರ್ಡ್ ಲಾಸ್ಕರ್ 1920ರ ದಶಕದಲ್ಲಿ ಯಾಂತ್ರಿಕ ಪಂಪನ್ನು ರೂಪಿಸಿದ. ಸ್ವೀಡನ್ನಿನ ಎಂಜಿನಿಯರ್ ಐನಾರ್ ಎಗ್ನೆಲ್ ನೋವು, ಗಾಯಗಳನ್ನು ತಗ್ಗಿಸುವ ಎಳೆತದ ಮಿತಿಯನ್ನು ಲೆಕ್ಕಹಾಕಿ 1956ರಲ್ಲಿ ತಂದ ಯಂತ್ರ ಆಸ್ಪತ್ರೆಗಳಲ್ಲಿ ನೆಲೆಯೂರಿತು. ಇವೆಲ್ಲ ಮುಖ್ಯವಾಗಿ ಅವಧಿಗೆ ಮುನ್ನ ಹುಟ್ಟಿದ, ಮೊಲೆ ಚೀಪಲಾರದ ಶಿಶುಗಳಿಗಾಗಿ ಬಳಕೆಯಾದವು. ಸ್ವಿಟ್ಜರ್ಲೆಂಡಿನ ಮೆಡೆಲಾ ಕಂಪನಿ 1991ರಲ್ಲಿ ಮನೆಬಳಕೆಯ ವಿದ್ಯುತ್ ಪಂಪನ್ನೂ 1996ರಲ್ಲಿ ಕೈಚೀಲದಲ್ಲಿ ಒಯ್ಯಬಹುದಾದ ಮಾದರಿಯನ್ನೂ ಅಮೆರಿಕದ ಮಾರುಕಟ್ಟೆಗೆ ತಂದಿತು. ಕೆಲಸದ ಜಾಗದಲ್ಲಿ ಹಾಲು ತೆಗೆದು ಮನೆಗೆ ಒಯ್ಯುವುದು ಇದರಿಂದ ಸುಲಭವಾಯಿತು. ಪಂಪು ಚೀಲದೊಳಗೆ ಬಂತಾದರೂ ಅದನ್ನು ಹಚ್ಚಿಕೊಂಡು ಕೂರಲು ಜಾಗವಿರಲಿಲ್ಲ. ಶೌಚಾಲಯ, ಉಗ್ರಾಣ, ನಿಲ್ಲಿಸಿದ ಕಾರು ಇವೇ ಅನೇಕರ ಪಾಲಿಗೆ ಬಂದವು.

ಜಾಗದ ಕಾನೂನು

ವೇತನಸಹಿತ ಹೆರಿಗೆ ರಜೆಯನ್ನು ರಾಷ್ಟ್ರಮಟ್ಟದ ಹಕ್ಕಾಗಿ ಮಾಡದ ಅಮೆರಿಕದಲ್ಲಿ ತಾಯಂದಿರು ಕೆಲವೇ ವಾರಗಳಲ್ಲಿ ಕೆಲಸಕ್ಕೆ ಮರಳುತ್ತಿದ್ದುದರಿಂದ ಜಾಗದ ಬೇಡಿಕೆ ಅಲ್ಲಿ ತೀವ್ರವಾಯಿತು. ಮಿನೆಸೋಟ ರಾಜ್ಯ 1998ರಲ್ಲಿ, ಶೌಚಾಲಯವಲ್ಲದ ಖಾಸಗಿ ಸ್ಥಳವನ್ನು ಕೆಲಸದ ಜಾಗಕ್ಕೆ ಹತ್ತಿರದಲ್ಲಿ ಒದಗಿಸಲು ಮಾಲೀಕರು ಯತ್ನಿಸಬೇಕೆಂದಿತು. 2010ರ ಆರೋಗ್ಯ ಸುಧಾರಣಾ ಕಾಯ್ದೆ ಇದನ್ನು ದೇಶಕ್ಕೆಲ್ಲ ವಿಸ್ತರಿಸಿ, ಇತರರ ಕಣ್ಣಿಗೆ ಬೀಳದ, ಯಾರೂ ನುಗ್ಗಿ ಬರಲಾಗದ ಸ್ಥಳ ಇರಬೇಕೆಂದು ನಿಗದಿಪಡಿಸಿತು. ಓವರ್‌ಟೈಮ್ ಹಕ್ಕಿಲ್ಲದ ಅನೇಕ ಶಿಕ್ಷಕಿಯರೂ ದಾದಿಯರೂ ಇದರ ಹೊರಗುಳಿದಿದ್ದರು. 2022ರ ಡಿಸೆಂಬರಿನ ‘ಪಂಪ್’ ಕಾಯ್ದೆ ಅವರನ್ನೂ ಸೇರಿಸಿತು. ದೊಡ್ಡ, ಮಧ್ಯಮ ವಿಮಾನ ನಿಲ್ದಾಣಗಳಲ್ಲಿ ಕೊಠಡಿ ಇರಬೇಕೆಂಬ ಕಾನೂನು 2018ರದು.

ಫಿಲಿಪ್ಪೀನ್ಸ್ ತನ್ನ 2009ರ ಕಾಯ್ದೆಯಲ್ಲಿ ಕೊಠಡಿಯೊಳಗೆ ಕೈತೊಳೆಯುವ ವ್ಯವಸ್ಥೆ, ಶೈತ್ಯ ಸೌಕರ್ಯ, ಪ್ಲಗ್, ಮೇಜು, ಆಸನ ಇರಬೇಕೆಂದು ಪಟ್ಟಿ ಮಾಡಿತು. 8 ಗಂಟೆಯ ಪಾಳಿಗೆ ಕನಿಷ್ಠ 40 ನಿಮಿಷ ವೇತನಸಹಿತ ಬಿಡುವು ಕೊಟ್ಟಿತು. ಬ್ರಿಟನ್ನಿನಲ್ಲಿ ಹಾಲೂಡಿಸುವ ತಾಯಂದಿರಿಗೆ ವಿಶ್ರಾಂತಿ ಸ್ಥಳ ಕೊಡಬೇಕೆಂದು 1992ರ ನಿಯಮ ಹೇಳುತ್ತದೆ, ಆದರೆ ಪಂಪಿಗೆಂದೇ ಬಿಡುವಿನ ಹಕ್ಕು ಅಲ್ಲಿಲ್ಲ.

ಭಾರತ

ಭಾರತದ ಕಾನೂನು ಶಿಶುಪಾಲನಾ ಕೇಂದ್ರದ ದಾರಿ ಹಿಡಿಯಿತು. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಮೊದಲು 50ಕ್ಕಿಂತ, 1976ರ ತಿದ್ದುಪಡಿಯ ನಂತರ 30ಕ್ಕಿಂತ ಹೆಚ್ಚು ಮಹಿಳೆಯರಿರುವ ಕಾರ್ಖಾನೆಯಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಕೊಠಡಿ ಇರಬೇಕಿತ್ತು. 1951ರ ಕಾಯ್ದೆ ತೋಟಗಳಿಗೂ ಇಂಥದೇ ನಿಯಮ ತಂದಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹೆಚ್ಚುವರಿ ಬಿಡುವು ಕೊಟ್ಟಿತು. ಕಾನೂನು ಮುಟ್ಟದ ಕಟ್ಟಡ ಕೆಲಸದ ಜಾಗಗಳಲ್ಲಿ ಮೀರಾ ಮಹಾದೇವನ್ ಅವರು ದೆಹಲಿಯಲ್ಲಿ 1969ರಲ್ಲಿ ‘ಮೊಬೈಲ್ ಕ್ರೆಷಸ್’ ಎಂಬ ಸಂಚಾರಿ ಶಿಶುಪಾಲನಾ ಕೇಂದ್ರಗಳನ್ನು ಆರಂಭಿಸಿದರು. 2017ರ ತಿದ್ದುಪಡಿ ರಜೆಯನ್ನು 12ರಿಂದ 26 ವಾರಕ್ಕೆ ಏರಿಸಿ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿ, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಲು ಅವಕಾಶವಿತ್ತಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಬಿಡುವು, ಕೇಂದ್ರಗಳನ್ನು ಉಳಿಸಿಕೊಂಡಿದೆ.

ಈ ಕಾಯ್ದೆಗಳ ಕಲ್ಪನೆಯಲ್ಲಿ ಮಗು ತಾಯಿಯ ಕೆಲಸದ ಹತ್ತಿರದಲ್ಲೇ ಇರುತ್ತದೆ. ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರ್ತಿಗಾಗಲಿ ಐಟಿ ಉದ್ಯೋಗಿಗಾಗಲಿ ಕೂಸನ್ನು ಕಿಕ್ಕಿರಿದ ಬಸ್ಸಿನಲ್ಲಿ ದಿನವೂ ಒಯ್ಯುವುದು ಕಷ್ಟ. ಮಗುವನ್ನು ಅಜ್ಜಿಯ ಬಳಿ ಬಿಟ್ಟು ಬಂದವಳಿಗೆ ಬೇಕಾದದ್ದು ಹಾಲು ತೆಗೆಯುವ ಕೋಣೆ. ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಅದರ ಪ್ರಸ್ತಾಪವಿರಲಿಲ್ಲ. ಕೆಲವು ಸಂಸ್ಥೆಗಳು ತಾವಾಗಿಯೇ ಇಂಥ ಕೋಣೆ ಮಾಡಿವೆ.

ಸಾರ್ವಜನಿಕ ಸ್ಥಳಗಳ ಮಟ್ಟಿಗೆ, ತಮಿಳುನಾಡು 2015ರಲ್ಲಿ ಬಸ್ ನಿಲ್ದಾಣಗಳಲ್ಲಿ ಹಾಲೂಡಿಸುವ ಕೊಠಡಿಗಳನ್ನು ತೆರೆಯಿತು. ಹಾಲೂಡಿಸುವುದು ಸಂವಿಧಾನದ 21ನೇ ವಿಧಿಯ ರಕ್ಷಣೆಯುಳ್ಳ ತಾಯಿಯ ಹಕ್ಕು ಎಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ, ಕದ್ದೊಯ್ದ ಶಿಶುವಿನ ಪಾಲನೆಯ ಪ್ರಕರಣದಲ್ಲಿ ಹೇಳಿತು. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಸಾರ್ವಜನಿಕ ಕಟ್ಟಡಗಳಲ್ಲಿ ಇಂಥ ಕೊಠಡಿಗಳ ಬಗ್ಗೆ ಕ್ರಮ ಕೈಗೊಳ್ಳುವಂತೆ ಸೂಚಿಸಿತು. ಉದ್ಯೋಗ ಖಾತ್ರಿಯಲ್ಲಿ ದುಡಿಯುವ ತಾಯಂದಿರ ಮಕ್ಕಳಿಗಾಗಿ ಕರ್ನಾಟಕ ಸರ್ಕಾರ 2023ರಲ್ಲಿ ‘ಕೂಸಿನ ಮನೆ’ ಯೋಜನೆಯನ್ನು 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿತು. ಇದರಲ್ಲೂ ಮಗುವನ್ನು ತಾಯಿಯ ಹತ್ತಿರ ತರುವ ಹಳೆಯ ಮಾದರಿಯೇ ಇದೆ. ಊರಿನಲ್ಲೇ ದುಡಿಯುವವರಿಗೆ ಅದು ಒಗ್ಗುತ್ತದೆ, ದೂರದ ನಗರಕ್ಕೆ ಹೋಗಿ ದುಡಿಯುವವರಿಗೆ ಪ್ರತ್ಯೇಕ ಕೊಠಡಿಯ ನಿಯಮವೇ ಬೇಕಾಗುತ್ತದೆ.