ಅಶ್ಮರಿಯ ಅಧಿಷ್ಠಾನ

ಕನ್ನಡದ ತಿರುಳು ಯಾವ ನಾಡಿನದೆಂಬುದನ್ನು ಹೇಳುವಲ್ಲಿ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಒಂಕುಂದಗಳೊಡನೆ ಪುಲಿಗೆರೆಯನ್ನು ಹೆಸರಿಸಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಆ ಪುಲಿಗೆರೆಯೇ ಗದಗ ಜಿಲ್ಲೆಯ ಇಂದಿನ ಲಕ್ಷ್ಮೇಶ್ವರ. ಕವಿರಾಜಮಾರ್ಗವು ಹುಟ್ಟಿದ ನೃಪತುಂಗನ ಆಸ್ಥಾನದೊಡನೆಯೇ ಉಗ್ರಾದಿತ್ಯನ ಸಂಸ್ಕೃತ ವೈದ್ಯಗ್ರಂಥವಾದ ಕಲ್ಯಾಣಕಾರಕವೂ ಸಂಬಂಧಪಟ್ಟಿರುವುದು. ಮುಂದೆ ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಹೀಗೆ ನಮ್ಮಲ್ಲಿ ನುಡಿಯ ಚರಿತ್ರೆಯೂ ವೈದ್ಯದ ಚರಿತ್ರೆಯೂ ಜೊತೆಜೊತೆಯಾಗಿ ನಡೆದು ಬಂದಿರುವುದರಿಂದ, ಒಂದು ರೋಗದ ಹೆಸರನ್ನು ಹಿಡಿದು ಎರಡನ್ನೂ ವಿಚಾರಿಸುವುದು ಅನುಚಿತವಾಗಲಾರದು.

ಸಂಸ್ಕೃತದ 'ಅಶ್ಮರಿ' ಎಂಬುದು ಕಲ್ಲೆಂಬ ಅರ್ಥದ 'ಅಶ್ಮನ್' ಶಬ್ದದಿಂದ ಬಂದುದು. ಕನ್ನಡಿಗರಾದರೋ ಇದಕ್ಕೆ ಕಲ್ಲೆಂದೂ ಹರಳೆಂದೂ ಎರಡು ಮಾತುಗಳನ್ನು ಬಳಸುವರು. ಹರಳು ಹಳಗನ್ನಡದ 'ಪರಲ್'. ಆಡುನುಡಿಯಲ್ಲಿ ಈ ಎರಡಕ್ಕೂ ಭೇದವಿಲ್ಲ. ಶಾಸ್ತ್ರದಲ್ಲಿ ಮಾತ್ರ ಹರಳು ಕಲ್ಲಾಗುವ ನಡುವಣ ಹಾದಿಯೇ ಮುಖ್ಯವಾದ ಪ್ರಶ್ನೆ.

ಸುಶ್ರುತನು ನಿದಾನಸ್ಥಾನದಲ್ಲಿ ಅಶ್ಮರಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ನಾಲ್ಕಕ್ಕೂ ಶ್ಲೇಷ್ಮವೇ ಅಧಿಷ್ಠಾನವೆಂದು ಹೇಳಿರುವನು. ಹೊಸ ಗಡಿಗೆಯಲ್ಲಿ ತುಂಬಿಟ್ಟ ತಿಳಿನೀರಿನಲ್ಲಿಯೂ ಕಾಲಕ್ರಮದಿಂದ ಕೆಸರು ನಿಲ್ಲುವಂತೆ ಬಸ್ತಿಯಲ್ಲಿ ಕಲ್ಲು ಹುಟ್ಟುವುದೆಂಬುದು ಅವನ ದೃಷ್ಟಾಂತ. ಅಂಟುಳ್ಳ ದ್ರವ್ಯವೊಂದು ಕಲ್ಲಿಗೆ ನೆಲೆಯಾಗುವುದೆಂಬ ಈ ಊಹೆ ವಿಚಾರಾರ್ಹವಾದುದು.

ಪಶ್ಚಿಮದ ರಸಾಯನಶಾಸ್ತ್ರಜ್ಞರು ಮೊದಲು ಕಲ್ಲಿನ ಲವಣಾಂಶವನ್ನೇ ಪರೀಕ್ಷಿಸಿದರು. 1776ರಲ್ಲಿ ಷೀಲೆಯು ಮೂತ್ರದ ಕಲ್ಲಿನಿಂದ ಯೂರಿಕ್ ಆಮ್ಲವನ್ನು ಬೇರ್ಪಡಿಸಿದನು. ಬಹುಪಾಲು ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟಿನವೆಂಬುದೂ ಕಾಲಾಂತರದಲ್ಲಿ ಸ್ಪಷ್ಟವಾಯಿತು. ಆದರೆ ಕಲ್ಲಿನ ತೂಕದಲ್ಲಿ ನೂರಕ್ಕೆ ಸುಮಾರು 2ರಿಂದ 3ರಷ್ಟು ಲವಣವಲ್ಲದ ಜೈವಿಕ ದ್ರವ್ಯವಿರುವುದು. ಅದರಲ್ಲಿ ಹೆಚ್ಚಿನದು ಪ್ರೋಟೀನು. 1950ರಲ್ಲಿ ಟ್ಯಾಮ್ ಮತ್ತು ಹಾರ್ಸ್‌ಫಾಲ್ ಎಂಬ ವಿಜ್ಞಾನಿಗಳು ಮಾನವಮೂತ್ರದಿಂದ ಒಂದು ಲೋಳೆಪ್ರೋಟೀನನ್ನು ಪ್ರತ್ಯೇಕಿಸಿದರು. ಯೂರೊಮಾಡ್ಯುಲಿನ್ ಎಂದು ಈಗ ಕರೆಯಲ್ಪಡುವ ಈ ದ್ರವ್ಯವು ಮೂತ್ರಪಿಂಡದಲ್ಲಿಯೇ ಹುಟ್ಟುವುದು; ಆರೋಗ್ಯವಂತರ ಮೂತ್ರದಲ್ಲಿ ಎಲ್ಲ ಪ್ರೋಟೀನುಗಳಿಗಿಂತ ಹೆಚ್ಚಾಗಿರುವುದೂ ಇದೇ.

ಆರೋಗ್ಯವಂತರ ಮೂತ್ರದಲ್ಲಿಯೂ ಆಕ್ಸಲೇಟು ಕರಗಬಹುದಾದ ಮಿತಿಯನ್ನು ಮೀರಿಯೇ ಇರುತ್ತದೆ. ಹೀಗಿದ್ದೂ ಎಲ್ಲರಿಗೂ ಕಲ್ಲಾಗದಿರುವುದೇಕೆ? ಯೂರೊಮಾಡ್ಯುಲಿನ್, ಆಸ್ಟಿಯೊಪಾಂಟಿನ್ ಮೊದಲಾದ ಪ್ರೋಟೀನುಗಳು ಹರಳಿನ ಮೈಗೆ ಅಂಟಿಕೊಂಡು ಅದರ ಬೆಳವಣಿಗೆಯನ್ನಾಗಲಿ ಹರಳು ಹರಳಿನೊಡನೆ ಕೂಡುವುದನ್ನಾಗಲಿ ತಡೆಯುವುದು ಒಂದು ಮುಖ್ಯ ಕಾರಣ. ಯೂರೊಮಾಡ್ಯುಲಿನ್ ಇಲ್ಲದಂತೆ ಮಾಡಿದ ಇಲಿಗಳ ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಹರಳುಗಳು ನಿಂತುದು 2004ರಲ್ಲಿ ಪ್ರಕಟವಾದ ಪ್ರಯೋಗದಿಂದ ತಿಳಿದುಬಂದಿತು. ಆದರೆ ಮೂತ್ರದಲ್ಲಿ ಆಮ್ಲತೆಯೂ ಲವಣವೂ ಹೆಚ್ಚಿದಾಗ ಇದೇ ಪ್ರೋಟೀನಿನ ಅಣುಗಳು ತಮ್ಮೊಳಗೆ ಗಂಟುಗಟ್ಟಿ, ಕಾಯುವ ಬದಲು ಹರಳುಗಳನ್ನು ಬೆಸೆಯಲೂಬಲ್ಲವು.

ಇಷ್ಟರಿಂದ ಸುಶ್ರುತನ ಶ್ಲೇಷ್ಮವೇ ಇಂದಿನ ಪ್ರೋಟೀನೆಂದು ಸಾರುವ ಆತುರವು ನಮ್ಮಲ್ಲಿ ಕೆಲವರಿಗೆ ಉಂಟಾಗಬಹುದು. ಅದು ಸಾಧುವಲ್ಲವೆಂದು ನಮ್ಮ ಅಭಿಪ್ರಾಯ. ಶ್ಲೇಷ್ಮವು ಇಡಿಯ ದೇಹವನ್ನು ವ್ಯಾಪಿಸಿದ ದೋಷತತ್ತ್ವ; ಪ್ರೋಟೀನು ತೂಗಿ ಅಳೆಯಬಹುದಾದ ದ್ರವ್ಯ. ಸುಶ್ರುತನು ನೋಡಿದುದು ಬಸ್ತಿಯ ಕಲ್ಲನ್ನು. ಇಂದಿನ ವಿಚಾರವು ಬಹುಮಟ್ಟಿಗೆ ಮೂತ್ರಪಿಂಡದ ಕಲ್ಲನ್ನು ಕುರಿತದ್ದು. ಎಲ್ಲಕ್ಕೂ ಮಿಗಿಲಾಗಿ, ತಿಳಿನೀರಿನಲ್ಲಿ ಕೆಸರು ನಿಲ್ಲುವುದು ಹೇಗೆಂದು ಅವನು ಕೇಳಿದನು. ಕದಡಬೇಕಾದ ನೀರು ತಿಳಿಯಾಗಿಯೇ ಉಳಿಯುವುದು ಹೇಗೆಂದು ಇವರು ಕೇಳುತ್ತಾರೆ. ಪ್ರಶ್ನೆಯೇ ತಿರುಗಿರುವಾಗ ಉತ್ತರಗಳು ಒಂದೇ ಎನ್ನುವುದು ಇಬ್ಬರಿಗೂ ಅನ್ಯಾಯ.

ಇದು ಬರಿಯ ಶಬ್ದವಿವಾದವೂ ಅಲ್ಲ. ಗದಗ, ಶಿರಹಟ್ಟಿ, ಮುಂಡರಗಿಗಳ ನಡುವೆ ಹಬ್ಬಿರುವ ಕಪ್ಪತಗುಡ್ಡವು ಔಷಧಿಸಸ್ಯಗಳಿಗೆ ಹೆಸರಾದುದು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಸುಶ್ರುತನು ಅಶ್ಮರಿಗೆ ಹೇಳಿದ ನೆಗ್ಗಿಲು, ಹುರುಳಿಗಳು ನಮ್ಮ ಜನರಿಗೂ ಪರಿಚಿತವೇ. ಹಳೆಯ ಮಾತಿಗೆ ಹೊಸ ಶಾಸ್ತ್ರದ ಮುದ್ರೆಯನ್ನು ಒತ್ತಿಬಿಟ್ಟರೆ, ಕಲ್ಲು ಮೂತ್ರಮಾರ್ಗವನ್ನು ಕಟ್ಟಿದವನೂ ಕಷಾಯವನ್ನೇ ನಂಬಿ ಕೂತು ಮೂತ್ರಪಿಂಡವನ್ನು ಕಳೆದುಕೊಳ್ಳಬಹುದು. ಔಷಧಕ್ಕೆ ಬಗ್ಗದ ಅಶ್ಮರಿಗೆ ಶಸ್ತ್ರವನ್ನು ವಿಧಿಸಿದವನು ಸುಶ್ರುತನೇ ಎಂಬುದನ್ನು ಮರೆಯಲಾಗದು. ಪ್ರಾಚೀನರ ಮಾತನ್ನು ಅವರ ಅರ್ಥದಲ್ಲಿಯೇ ಓದುವುದು ಅವರಿಗೆ ನಾವು ಸಲ್ಲಿಸಬೇಕಾದ ನಿಜವಾದ ಗೌರವ.