ಗರ್ಬರ್ ಯಾವೂರೋನು?

ಕಳೆದ ದೀಪಾವಳಿಗೆ ಬಾಣಾವರದ ಮನೆಯ ಜಗಲಿ ಮೇಲೆ ಕೂತು ಆಫೀಸಿನ ಕಾಲ್‌ನಲ್ಲಿದ್ದೆ. "ಗರ್ಬರ್ ಇನ್ನೂ ಬಂದಿಲ್ಲ, ಬರದೆ ಬೋರ್ಡ್ ಕೆಲಸ ಶುರುವಾಗಲ್ಲ" ಅಂತ ಕೂಗಿದ್ದು ಅಮ್ಮನ ಕಿವಿಗೆ ಬಿತ್ತು. "ಹಬ್ಬದ ದಿನಾನೂ ಬಿಡಲ್ವಲ್ಲೋ, ಪಾಪ. ಯಾವೂರೋನು ಅವನು?" ಅಂದಳು.

"ಅದು ಮನುಷ್ಯ ಅಲ್ಲಮ್ಮ, ಫೈಲು" ಅಂತ ನಕ್ಕೆ. ಆಮೇಲೆ ಹುಡುಕಿ ಓದಿದರೆ, ಅಮ್ಮನೇ ಸರಿ.

ಮೊಬೈಲು, ಟೀವಿ ಒಳಗಿನ ಹಸಿರು ಪಿಸಿಬಿ ಮೇಲೆ ತಾಮ್ರ ಎಲ್ಲೆಲ್ಲಿ ಉಳಿಯಬೇಕು ಅಂತ ಕಾರ್ಖಾನೆಗೆ ಹೇಳೋ ಫೈಲೇ ಗರ್ಬರ್. ಅದು ಜೋಸೆಫ್ ಗರ್ಬರ್ ಅವರ ಹೆಸರು. ಹುಟ್ಟಿದ್ದು 1924ರಲ್ಲಿ, ವಿಯೆನ್ನಾದ ಯಹೂದಿ ಕುಟುಂಬದಲ್ಲಿ. 1940ರಲ್ಲಿ ತಾಯಿಯ ಜೊತೆ ಅಮೆರಿಕ ಸೇರಿದರು. ತಂದೆ ನಾಜಿಗಳಿಗೆ ಬಲಿಯಾದರು. ಎಂಜಿನಿಯರಿಂಗ್ ಓದುವಾಗ ಪೈಜಾಮದ ಎಲಾಸ್ಟಿಕ್ ಕಿತ್ತು, ಗುರುತು ಹಾಕಿ, ಎಳೆದಷ್ಟೂ ಹಿಗ್ಗುವ ಅಳತೆಪಟ್ಟಿ ಮಾಡಿಕೊಂಡ ಹುಡುಗ ಅವರು. ಮುಂದೆ ಅದನ್ನೇ ನಂಬಿ ಕಂಪನಿ ಶುರುಮಾಡಿದರು.

ಆಗ ಬೋರ್ಡಿನ ನಕ್ಷೆ ಅಂದರೆ ಹಾಳೆ ಮೇಲೆ ಕೈಯಲ್ಲಿ ಕಪ್ಪು ಟೇಪು ಅಂಟಿಸೋದು. 1960ರ ದಶಕದಲ್ಲಿ ಗರ್ಬರ್ ಕಂಪನಿಯ ಫೋಟೊಪ್ಲಾಟರ್ ಆ ಕೆಲಸಕ್ಕೆ ಬೆಳಕನ್ನು ತಂದಿತು. ಒಂದು ಚಕ್ರ, ಅದರಲ್ಲಿ ಬೇರೆ ಬೇರೆ ಆಕಾರದ ತೂತುಗಳು, ಹಿಂದೆ ದೀಪ, ಮುಂದೆ ಫಿಲ್ಮು. ದೀಪ ಉರಿಯುತ್ತಲೇ ಸರಿದರೆ ಗೆರೆ: ಡಿ01. ಆರಿಸಿ ಸರಿದರೆ ಡಿ02. ನಿಂತಲ್ಲೇ ಒಮ್ಮೆ ಮಿಂಚಿಸಿದರೆ ತೂತಿನ ಆಕಾರದ ಚುಕ್ಕೆ: ಡಿ03. ತೂತು 'ಅಪರ್ಚರ್', ಮಿಂಚು 'ಫ್ಲ್ಯಾಶ್'.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಇದು ಗೊತ್ತಿರಲಿಲ್ಲ. ಡಿ03 ಅಂದರೆ ಉದ್ದವಿಲ್ಲದ ಗೆರೆ ಅಂದುಕೊಂಡು ಕೋಡ್ ಬರೆದೆ. ಉದ್ದ ಸೊನ್ನೆ ಅಂತ ಪ್ರೋಗ್ರಾಮು ಅವನ್ನೆಲ್ಲ ಎಸೆಯಿತು. ಬಿಡಿಭಾಗ ಬೆಸೆಯುವ ಪ್ಯಾಡುಗಳೇ ಬೋರ್ಡಿನಿಂದ ಮಾಯ! ದೀಪದ ಕಥೆ ಯಾರಾದರೂ ಹೇಳಿದ್ದರೆ ಎರಡು ರಾತ್ರಿಯ ನಿದ್ದೆ ಉಳೀತಿತ್ತು.

ಇವತ್ತು ಆ ಚಕ್ರ ಇಲ್ಲ, ಎಷ್ಟೋ ಕಡೆ ಫಿಲ್ಮೂ ಇಲ್ಲ, ಲೇಸರ್ ನೇರವಾಗಿ ಗೀಚುತ್ತೆ. ಆದರೂ ಫೈಲಿನಲ್ಲಿ 'ಫ್ಲ್ಯಾಶ್' ಹಾಗೇ ಇದೆ. 1957ರಲ್ಲಿ ನಯಾ ಪೈಸೆ ಬಂದು ಆಣೆ ಹೋದಮೇಲೂ ನಮ್ಮೂರ ಸಂತೆಯಲ್ಲಿ 'ಎಂಟಾಣೆ' ಉಳಿದ ಹಾಗೆ.

ಇಷ್ಟನ್ನೂ ಅಮ್ಮನಿಗೆ ಹೇಳಿದೆ. ಪಿಸಿಬಿ ಎಷ್ಟು ಅರ್ಥವಾಯಿತೋ, ಊರು ಬಿಟ್ಟುಬಂದ ಹುಡುಗ ಮಾತ್ರ ಅರ್ಥವಾದ. ಈಗ ಫೋನ್ ಮಾಡಿದಾಗೆಲ್ಲ ಕೇಳ್ತಾಳೆ: "ಗರ್ಬರ್ ಬಂದರೇನೋ?"

"ಬಂದರಮ್ಮ" ಅಂತೀನಿ.