ಕೈತೋಟದ ಕೀಟಗಳಿಗೆ ಬೇವಿನ ಬೀಜದ ಕಷಾಯ (ಶೇ. 5)

ಕೈತೋಟದ ತರಕಾರಿ ಕೊಯ್ದ ದಿನವೇ ಅಡುಗೆಮನೆ ಸೇರುತ್ತದೆ. ಆದ್ದರಿಂದ ಸಸ್ಯಹೇನು, ಬಿಳಿನೊಣ ಹಾಗೂ ಎಲೆ ತಿನ್ನುವ ಎಳೆಯ ಹುಳುಗಳ ಹತೋಟಿಗೆ ಬೇವಿನ ಬೀಜದ ಕಷಾಯವನ್ನು ಮೊದಲು ಆರಿಸಿಕೊಳ್ಳಿ.

ತಯಾರಿಕೆ: ನೆರಳಿನಲ್ಲಿ ಒಣಗಿಸಿದ ಬೇವಿನ ಬೀಜದ ತಿರುಳು 50 ಗ್ರಾಂ ಕುಟ್ಟಿ ಪುಡಿಮಾಡಿ, ತೆಳುಬಟ್ಟೆಯಲ್ಲಿ ಗಂಟು ಕಟ್ಟಿ, 1 ಲೀಟರ್ ನೀರಿನಲ್ಲಿ ಸುಮಾರು 12 ಗಂಟೆ ನೆನೆಸಿ. ಗಂಟನ್ನು ಚೆನ್ನಾಗಿ ಹಿಂಡಿ, ಸೋಸಿ, 1 ಗ್ರಾಂ ಸಾಬೂನು ಪುಡಿ ಬೆರೆಸಿ. ಬೆಳಗಿನ ಜಾವ ನೆನೆಹಾಕಿದರೆ ಸಂಜೆಗೆ ಸಿದ್ಧವಾಗುತ್ತದೆ.

ಸಿಂಪರಣೆ: ಬೇವಿನಲ್ಲಿರುವ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗನೆ ಸತ್ವ ಕಳೆದುಕೊಳ್ಳುತ್ತದೆ. ಆದ್ದರಿಂದ ಸಂಜೆ ವೇಳೆ, ಎಲೆಗಳ ಅಡಿಭಾಗ ತೋಯುವಂತೆ ಸಿಂಪಡಿಸಿ. ಕಷಾಯವನ್ನು ಅಂದೇ ಬಳಸಿ. ಕೀಟಬಾಧೆ ಮುಂದುವರಿದರೆ 7–10 ದಿನಗಳ ನಂತರ ಹೊಸದಾಗಿ ತಯಾರಿಸಿ ಸಿಂಪಡಿಸಿ.

ಗಮನಿಸಿ: ಹುಳುಗಳು ಕೂಡಲೇ ಸಾಯುವುದಿಲ್ಲ. ಅವು ಎಲೆ ತಿನ್ನುವುದನ್ನು ಕಡಿಮೆ ಮಾಡುತ್ತವೆ, ಪೊರೆ ಕಳಚಲಾಗದೆ ಕ್ರಮೇಣ ನಾಶವಾಗುತ್ತವೆ. ಮರುದಿನ ಹುಳು ಕಂಡಿತೆಂದು ಪ್ರಮಾಣ ಹೆಚ್ಚಿಸಬೇಡಿ. ಸಸ್ಯಹೇನುಗಳನ್ನು ತಿನ್ನುವ ಗುಲಗಂಜಿ ಹುಳುಗಳನ್ನು ಉಳಿಸಿಕೊಳ್ಳಿ.

ಎಚ್ಚರಿಕೆ: ಮನೆಯಲ್ಲಿ ತಯಾರಿಸಿದ್ದೆಲ್ಲವೂ ನಿರಪಾಯಕಾರಿಯಲ್ಲ. ತಂಬಾಕಿನ ಕಷಾಯದಲ್ಲಿರುವ ನಿಕೋಟಿನ್ ಮನುಷ್ಯರಿಗೂ ವಿಷ. ತಿನ್ನುವ ಸೊಪ್ಪು ತರಕಾರಿಗಳಿಗೆ ಅದನ್ನು ಸಿಂಪಡಿಸಬೇಡಿ.